ಅರ್ಧ ತಾಸಿನ ಚುಕ್ಕಿ

ಆ ಗ್ರಾಫ್ ಹಾಳೆ ಈಗಲೂ ನನ್ನ ಬಳಿ ಇದೆ. ಎಡಗಡೆ ಮೇಲ್ಭಾಗದಲ್ಲಿ ಒಂದು ಕಡೆ ರಬ್ಬರಿನಿಂದ ತಿಕ್ಕಿ ತಿಕ್ಕಿ ಕಾಗದ ಹಿಂಜಿಹೋಗಿದೆ. ಅಲ್ಲಿ ಮಾತ್ರ ಹಸಿರು ಚೌಕಗಳಿಲ್ಲ. ಮೊದಲು ಅಲ್ಲೊಂದು ಚುಕ್ಕಿ ಇತ್ತು. ಅದನ್ನು ಇಟ್ಟವಳೂ ನಾನೇ, ಅಳಿಸಿದವಳೂ ನಾನೇ. ಯಾಕೆ ಎಂದು ಸುತ್ತಿ ಬಳಸಿ ಹೇಳುವುದೇನಿಲ್ಲ, ಹೊಟ್ಟೆಕಿಚ್ಚಿಗೆ ಅಳಿಸಿದೆ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಊರು ಹಡಗಲಿ. ಅಪ್ಪನಿಗೆ ಅಲ್ಲೊಂದು ಸಣ್ಣ ಬಟ್ಟೆ ಅಂಗಡಿ. ಕೊಟ್ಟೂರಿನಲ್ಲಿದ್ದ ಸೋದರತ್ತೆಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ಒಂದು ಹುಡುಗಿ ಇದ್ದರೆ ಚೆನ್ನ ಎಂದು ಅವಳು ಹಟ ಹಿಡಿದದ್ದರಿಂದ ನಾನು ಬಿ.ಕಾಂ.ಗೆ ಕೊಟ್ಟೂರಿಗೆ ಬಂದೆ. ಅತ್ತೆಯ ಮನೆಗೂ ಪಕ್ಕದ ಖಾನಾವಳಿಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಆರಕ್ಕೆ ಆಚೆ ರೊಟ್ಟಿ ಬಡಿಯುವ ಸದ್ದು ಶುರುವಾದರೆ ನನ್ನ ಚಾಪೆಯವರೆಗೂ ಕೇಳುತ್ತಿತ್ತು. ಬಡಿಯುತ್ತಿದ್ದವಳು ಖಾನಾವಳಿಯವರ ಮಗಳು. ನನ್ನದೇ ತರಗತಿ, ನನ್ನದೇ ಬೆಂಚು, ಮತ್ತು ಇಡೀ ತರಗತಿಗೆ ಮೊದಲು.

ಎರಡನೆಯವಳು ನಾನು. ಎರಡನೆಯವಳಾಗಿರುವುದು ಎಂಥ ಸಂಕಟ ಎಂದು ಮೂರನೆಯವರಿಗೆ ತಿಳಿಯುವುದಿಲ್ಲ. ಅವರಿಗೆ ನಾವಿಬ್ಬರೂ ಒಂದೇ, ಇಬ್ಬರೂ ಜಾಣೆಯರು. ನನಗೆ ಮಾತ್ರ ನನ್ನ ಹೆಸರಿನ ಮೇಲೆ ಕೂತಿರುವ ಆ ಒಂದು ಹೆಸರು ಕಣ್ಣಲ್ಲಿ ಬಿದ್ದ ಕಸದ ಹಾಗೆ ಚುಚ್ಚುತ್ತಿತ್ತು. ಅವಳು ಒಳ್ಳೆಯವಳಲ್ಲದಿದ್ದರೆ ಸುಲಭವಿತ್ತು. ಆದರೆ ಅವಳು ನನ್ನ ಗೆಳತಿ. ಮಂದಿಯ ಎದುರು ನನ್ನನ್ನು ಹೊಗಳುತ್ತಿದ್ದಳು. ಅದಕ್ಕೆ ಇನ್ನೂ ಉರಿಯುತ್ತಿತ್ತು.

ಮೊದಲ ವರ್ಷ ಅವಳೇ ನನ್ನನ್ನು ಖಾನಾವಳಿಯ ಅಡುಗೆಮನೆಗೆ ಕರೆದಿದ್ದಳು. "ಲೇ, ನನಗ ಕೈ ಖಾಲಿ ಇರಲ್ಲ. ನೀ ಗಟ್ಟಿಯಾಗಿ ಓದು, ನಾ ಕೇಳ್ತೀನಿ. ನಿನಗೂ ಓದಿದಂಗ ಆಗ್ತೈತಿ" ಅಂದಳು. ನನಗೂ ಬೇಕಾಗಿತ್ತು. ಒಬ್ಬಳೇ ಕೂತರೆ ಎರಡನೇ ಪುಟಕ್ಕೇ ತೂಕಡಿಕೆ ಬರುತ್ತಿತ್ತು. ಹಾಗೆ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ನಾನು ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಾಗಿಲಿಗೆ ಒರಗಿ ಓದುವುದು, ಅವಳು ಒಲೆಯ ಮುಂದೆ ಕೂತು ಬಡಿಯುವುದು ಎಂದು ರೂಢಿಯಾಯಿತು. ಹಿಟ್ಟು ನಾದುವಾಗ ಸುಮ್ಮನೆ ಕೇಳುತ್ತಿದ್ದಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರುವಾಗ ಮಾತ್ರ ಬಾಯಿ ಬಿಡುತ್ತಿದ್ದಳು.

"ನಿಲ್ಲು ನಿಲ್ಲು. ಅದು ಯಾಕ ಹಂಗ?"

"ಯಾಕ ಅಂದ್ರ? ಪುಸ್ತಕದಾಗ ಹಂಗ ಐತಿ."

"ಪುಸ್ತಕದಾಗ ಐತಿ ಬಿಡು. ಹೊಸಾ ಮಷೀನು ಮೊದಲನೇ ವರ್ಷ ಜಾಸ್ತಿ ಸವಕಳಿ ಆಗ್ತೈತಿ ಅಂತ ಯಾಕ ಹಿಡಕಂಡಾರ? ಹಳೇದಾದಂಗ ಅಲ್ಲೇನು ಜಾಸ್ತಿ ಸವಿಯಾದು?"

ನನಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಸಿಟ್ಟಿನಿಂದ ಹಿಂದಿನ ಪುಟ ತಿರುವಿ ಇನ್ನೊಮ್ಮೆ ಓದುತ್ತಿದ್ದೆ. ಅಷ್ಟರಲ್ಲಿ ಅವಳು ರೊಟ್ಟಿ ತಿರುವಿ ಹಾಕಿ, ತನಗೆ ತಾನೇ ಏನೋ ಅಂದುಕೊಂಡು, ಉತ್ತರ ತೆಗೆದು ನನ್ನ ಮುಂದಿಡುತ್ತಿದ್ದಳು. ನಾನು ನೋಟ್ಸಿನ ಬದಿಗೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದೆ. ಪರೀಕ್ಷೆ ಮುಗಿದು ಫಲಿತಾಂಶ ಬಂದಾಗ ಮಾತ್ರ ಗಂಟಲು ನನ್ನದು, ಅಂಕ ಅವಳದು. ಓದಿದವಳು ನಾನು, ಅವಳು ಒಂದು ದಿನ ಪುಸ್ತಕ ಹಿಡಿದು ಕೂತದ್ದನ್ನು ನಾನು ಕಂಡಿಲ್ಲ, ಆದರೂ ಅವಳು ಮೊದಲು!

ಅತ್ತೆ ಇದಕ್ಕೆ ಎಣ್ಣೆ ಹೊಯ್ಯುತ್ತಿದ್ದಳು. "ಆಕಿ ನೋಡು, ರೊಟ್ಟಿ ಬಡಕೋತ ಬಡಕೋತ ಫಸ್ಟ್ ಬರ್ತಾಳ. ನೀ ಕುಂತು ಕುಂತು ನನ್ನ ಚಾಪಿ ಹರದಿ, ಅಷ್ಟ."

"ಚಾಪಿ ಮೊದಲ ಹರದಿತ್ತು ಅತ್ತಿ."

"ಹೂಂ ನಮ್ಮವ್ವ, ಬಾಯಿಗೇನು ಕಮ್ಮಿ ಇಲ್ಲ. ಬಾಯಿಗೇ ಅಂಕ ಕೊಟ್ಟಿದ್ರ ನೀನ ಫಸ್ಟು."

ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ದಿನಾ ಕೂಡ್ಲಿಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ರಿಗ್ರೆಶನ್ ಪಾಠದ ದಿನ ಒಂದು ರಟ್ಟು, ಗುಂಡುಸೂಜಿಗಳು ಮತ್ತು ಹೂ ಕಟ್ಟುವ ದಾರ ತಂದರು. ರಟ್ಟಿನ ಮೇಲೆ ಅಲ್ಲಲ್ಲಿ ಸೂಜಿ ಚುಚ್ಚಿ, ನಡುವೆ ದಾರ ಎಳೆದು ಹಿಡಿದು, ಒಮ್ಮೆ ಮೇಲೆ ಒಮ್ಮೆ ಕೆಳಗೆ ಸರಿಸುತ್ತ ಹೇಳಿದರು: "ಎಲ್ಲಾ ಚುಕ್ಕಿಗೂ ಒಟ್ಟಾರೆ ಸಮೀಪ ಹೋಗೋ ಗೆರಿ ಅಂತ ಒಂದ ಇರ್ತೈತಿ. ಅದನ್ನ ಲೆಕ್ಕ ಮಾಡಿ ಹುಡುಕಬೇಕು. ಆ ಗೆರಿ ಯಾರಿಗೂ ಪೂರಾ ಸಮಾಧಾನ ಮಾಡಲ್ಲ, ಯಾರಿಗೂ ಪೂರಾ ಅನ್ಯಾಯ ಮಾಡಲ್ಲ." ಮಳೆ ಎಷ್ಟು ಬಿದ್ದರೆ ಬೆಳೆ ಎಷ್ಟು ಎಂದು ಪುಸ್ತಕದ ಉದಾಹರಣೆ ಮಾಡಿಸಿದ ಮೇಲೆ, ನಮ್ಮ ತರಗತಿಯನ್ನೇ ಹಿಡಿದು ಯಾರಾದರೂ ಮಾಡಿದರೆ ಚೆನ್ನ ಅಂದರು. ದಿನಕ್ಕೆ ಓದುವ ತಾಸು ಒಂದು ಕಡೆ, ಹಿಂದಿನ ವರ್ಷದ ಅಂಕ ಇನ್ನೊಂದು ಕಡೆ. ಹರಪನಹಳ್ಳಿಯಲ್ಲಿ ಸುತ್ತಲಿನ ಕಾಲೇಜುಗಳ ವಾಣಿಜ್ಯ ವಿದ್ಯಾರ್ಥಿಗಳೆಲ್ಲ ಸೇರುವ ಕಾರ್ಯಕ್ರಮವಿತ್ತು. ನಮ್ಮ ಕಾಲೇಜಿನಿಂದ ಒಬ್ಬರಿಗೆ ಮಾತ್ರ ಅಲ್ಲಿ ಓದುವ ಅವಕಾಶ. ಚೆನ್ನಾಗಿ ಮಾಡಿದವರನ್ನು ಕಳಿಸುವುದು ಎಂದರು.

ಅವರ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ. ಹರಪನಹಳ್ಳಿಗೆ ಹೋಗುವ ಆಸೆ ಇತ್ತು, ಅದು ನಿಜ. ಒಂದು ಸಲವಾದರೂ ಅವಳಿಗಿಂತ ಮೊದಲು ನನ್ನ ಹೆಸರು ಕರೆಯಬೇಕಾಗಿತ್ತು. ಆದರೆ ಅದಕ್ಕಿಂತ ದೊಡ್ಡ ಆಸೆ ಇನ್ನೊಂದಿತ್ತು. ಹೆಚ್ಚು ಓದಿದವರಿಗೆ ಹೆಚ್ಚು ಅಂಕ ಬರುವುದೇ ನ್ಯಾಯ, ಅವಳದ್ದು ಏನೋ ಅದೃಷ್ಟ ಎಂದು ಲೆಕ್ಕವೇ ಎಲ್ಲರ ಎದುರು ಹೇಳಬೇಕು. ನಾನು ಹೇಳಿದರೆ ಹೊಟ್ಟೆಕಿಚ್ಚು ಅಂದಾರು. ಲೆಕ್ಕ ಹೇಳಿದರೆ ಯಾರು ಏನು ಅನ್ನುತ್ತಾರೆ?

ಚೀಟಿ ಹಂಚಿದೆ. ಹೆಸರು ಬೇಡ, ಎರಡೇ ಪ್ರಶ್ನೆ. ದಿನಕ್ಕೆ ಎಷ್ಟು ತಾಸು ಓದುತ್ತೀರಿ? ಹಿಂದಿನ ವರ್ಷದ ಒಟ್ಟು ಅಂಕ ಎಷ್ಟು? ಹುಡುಗರು ಬಾಯಿಗೆ ಬಂದದ್ದು ಬರೆದರು. ಒಬ್ಬ "ಪರೀಕ್ಷಿ ಹಿಂದಿನ ದಿನ ಮಾತ್ರ" ಎಂದಿದ್ದ. ಕೋಗಳಿಯಿಂದ ಬರುತ್ತಿದ್ದವನು "ಬಸ್ಸಿನಾಗ ಒಂದು ತಾಸು, ಸೀಟು ಸಿಕ್ಕರ" ಎಂದು ಬರೆದಿದ್ದ. ಅವರನ್ನೆಲ್ಲ ಮತ್ತೆ ಹಿಡಿದು ಕೇಳಿ, ಒಂದು ಸಂಖ್ಯೆ ಹೇಳಿಸಿಕೊಂಡೆ. ನನ್ನ ಚೀಟಿಯಲ್ಲಿ ಪ್ರಾಮಾಣಿಕವಾಗಿ ಐದು ತಾಸು ಎಂದು ಬರೆದೆ. ಬೆಳಿಗ್ಗೆ ಎರಡು, ಸಂಜೆ ಎರಡು, ಮಧ್ಯಾಹ್ನ ಅತ್ತೆ ಮಲಗಿದಾಗ ಒಂದು.

ಚೀಟಿಗಳಲ್ಲಿ ಒಂದರ ಮೂಲೆಗೆ ಜೋಳದ ಹಿಟ್ಟು ಮೆತ್ತಿತ್ತು. ಅಂಕ ಎಲ್ಲರಿಗಿಂತ ಹೆಚ್ಚು. ತಾಸಿನ ಎದುರು ಗುಂಡಗಿನ ಅಕ್ಷರದಲ್ಲಿ ಅವಳು ಬರೆದಿದ್ದಳು: ಅರ್ಧ.

ಅರ್ಧ ತಾಸು! ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಐದು ತಾಸು ಗಂಟಲು ಹರಿದುಕೊಂಡು ಎರಡನೆಯವಳು, ಇವಳು ಅರ್ಧ ತಾಸಿಗೆ ಮೊದಲಿನವಳು. ಜಂಬ ನೋಡು ಅಂದುಕೊಂಡೆ. ಮನೆಯಲ್ಲಿ ಕದ್ದು ಓದುತ್ತಾಳೆ, ಓದಿಲ್ಲ ಎಂದು ತೋರಿಸಿಕೊಳ್ಳುತ್ತಾಳೆ. ಪಕ್ಕದ ಗೋಡೆಯವಳು ನಾನು, ಅವಳು ಕದ್ದು ಓದಿದ್ದರೆ ನನಗೆ ತಿಳಿಯದೆ ಇರುತ್ತಿತ್ತೇ ಎಂದು ಯೋಚಿಸುವಷ್ಟು ತಾಳ್ಮೆ ಎಲ್ಲಿತ್ತು?

ಗ್ರಾಫಿನ ಮೇಲೆ ಚುಕ್ಕಿಗಳನ್ನಿಟ್ಟೆ. ತಾಸು ಹೆಚ್ಚಾದಂತೆ ಚುಕ್ಕಿಗಳು ಬಲಕ್ಕೆ ಏರುತ್ತ ಹೋದವು, ನನಗೆ ಖುಷಿ. ಆದರೆ ಎಡತುದಿಯಲ್ಲಿ, ಎಲ್ಲರ ತಲೆಯ ಮೇಲೆ, ಆ ಒಂದು ಚುಕ್ಕಿ. ಕಾಲೇಜಿನ ಒಂದೇ ಕ್ಯಾಲ್ಕುಲೇಟರ್ ಎರವಲು ತಂದು, ಗುಣಿಸಿ, ವರ್ಗ ಮಾಡಿ, ಕೂಡಿಸಿ ಗೆರೆ ತೆಗೆದರೆ ಅದು ನಾನು ಅಂದುಕೊಂಡಷ್ಟು ಏರಲಿಲ್ಲ. ಅವಳೊಬ್ಬಳು ಎಡತುದಿಯಿಂದ ಗೆರೆಯನ್ನು ಮೇಲಕ್ಕೆ ಎಳೆದು ಹಿಡಿದಿದ್ದಳು. ನನ್ನ ಚುಕ್ಕಿ ಗೆರೆಯ ಕೆಳಗಿತ್ತು. ನನ್ನಷ್ಟು ತಾಸು ಓದುವವಳಿಗೆ ಇನ್ನೂ ಹೆಚ್ಚು ಬರಬೇಕಿತ್ತು ಎಂದು ನನ್ನ ಲೆಕ್ಕ ನನಗೇ ಹೇಳುತ್ತಿತ್ತು.

ಮೇಷ್ಟ್ರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಬೆರಳು ನೇರ ಆ ಚುಕ್ಕಿಯ ಮೇಲೆ ಇಟ್ಟರು.

"ಇದು ಯಾಕ ಇಲ್ಲೈತಿ?"

"ಸುಳ್ಳು ಬರದಾರ ಅನ್ನಿಸ್ತೈತಿ ಸರ್. ತಗದು ಬಿಡ್ತೀನಿ."

"ಹಂಗ ತಗಿಯಂಗಿಲ್ಲ. ಗೆರಿಯಿಂದ ದೂರ ನಿಂತ ಚುಕ್ಕಿನ್ನ ಮೊದಲು ಹೋಗಿ ಮಾತಾಡಿಸಬೇಕು. ತಗಿಯಾದು ಇಡಾದು ಆಮ್ಯಾಲೆ. ಯಾರದಂತ ಗೊತ್ತೈತೇನು? ಕೇಳಿದಿ?"

"ಕೇಳಿದೆ ಸರ್" ಅಂದೆ. "ಸುಮ್ನ ಬರದೀನಿ ಅಂದರು."

ನಾನು ಕೇಳಿರಲಿಲ್ಲ. ಮೇಷ್ಟ್ರು ನಂಬಿದರು. ಹಾಗಾದರೆ ತೆಗೆ, ಆದರೆ ಒಬ್ಬರನ್ನು ಬಿಟ್ಟಿದ್ದೇವೆ ಎಂದು ಕೆಳಗೆ ಬರೆ ಅಂದರು. ಆ ಸಂಜೆ ಅವಳ ಅಡುಗೆಮನೆಗೆ ಹೋಗುವ ಮೊದಲೇ, ಅತ್ತೆಯ ಪಡಸಾಲೆಯಲ್ಲಿ ಕೂತು ಚುಕ್ಕಿ ಅಳಿಸಿದೆ. ಸಣ್ಣ ಚುಕ್ಕಿಗೆ ಅಷ್ಟೊಂದು ತಿಕ್ಕುವ ಅಗತ್ಯವಿರಲಿಲ್ಲ.

ಮತ್ತೆ ಲೆಕ್ಕ ಮಾಡಿದೆ. ಈಗ ಗೆರೆ ಚೆಂದಾಗಿ ಏರಿತು. ಮಜಾ ಏನೆಂದರೆ, ಗೆರೆ ಏರಿದಷ್ಟೂ ಬಲತುದಿಯಲ್ಲಿದ್ದ ನಾನು ಅದರಿಂದ ಇನ್ನಷ್ಟು ಕೆಳಗಾದೆ. ಅವಳನ್ನು ತೆಗೆದದ್ದಕ್ಕೆ ಅವಳಿಗೆ ಏನೂ ಆಗಲಿಲ್ಲ, ನಾನೇ ಮೊದಲಿಗಿಂತ ದಡ್ಡಿಯಾದೆ. ಅದು ಕಂಡರೂ ಕಾಣದ ಹಾಗೆ ಹಾಳೆ ಸುತ್ತಿಟ್ಟೆ. ಮೇಷ್ಟ್ರು ನನ್ನದನ್ನೇ ಆರಿಸಿ, ಅದನ್ನು ದೊಡ್ಡ ಚಾರ್ಟಿಗೆ ಇಳಿಸಲು ಹೇಳಿದರು. ಜೊತೆಗೆ ಒಬ್ಬ ಹುಡುಗಿ ಇರಲಿ, ಚಾರ್ಟ್ ಹಿಡಿಯಲು ಬೇಕಾಗುತ್ತದೆ ಎಂದು ಅವಳನ್ನೂ ಕಳಿಸಿದರು.

ಹರಪನಹಳ್ಳಿಯ ಬಸ್ಸಿನಲ್ಲಿ ಅವಳು ನನ್ನ ಚಾರ್ಟನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಯಾರ ಮೊಣಕೈಯೂ ತಾಗದಂತೆ ಕೂತಿದ್ದಳು. ಇಬ್ಬರಿಗೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. "ನೀ ಓದಾವಾಗ ಅವಸರ ಮಾಡಬ್ಯಾಡ ಲೇ, ನನ್ನ ಮುಂದ ಓದಿದಂಗ ಓದು" ಅಂದಳು. ಸುತ್ತಿಟ್ಟ ಆ ಚಾರ್ಟಿನಲ್ಲಿ ತಾನಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಪಾಪ ಅನ್ನಿಸಿತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಬೆನ್ನಿಗೇ, ಇವತ್ತು ಓದುವವಳು ನಾನು, ಹಿಡಿದು ನಿಲ್ಲುವವಳು ಅವಳು ಎಂದು ನೆನಪಾಗಿ ಒಳಗೆ ಸಕ್ಕರೆ ಸುರಿದಂತೆಯೂ ಆಯಿತು.

ವೇದಿಕೆಯ ಮೇಲೆ ನನ್ನ ಹೆಸರು ಕರೆದರು. ನಾನು ಓದಿದೆ. ಚಾರ್ಟಿನ ಒಂದು ಬದಿ ನನ್ನ ಎಡಗೈಯಲ್ಲಿ, ಇನ್ನೊಂದು ಬದಿ ಅವಳ ಎರಡೂ ಕೈಯಲ್ಲಿ. ಮುಗಿದ ಮೇಲೆ ಚಪ್ಪಾಳೆ ಬಂತು. ಮುಂದಿನ ಸಾಲಿನಲ್ಲಿದ್ದ ಆ ಊರಿನ ಮೇಡಂ ಒಬ್ಬರು ಕನ್ನಡಕ ಏರಿಸಿ ಚಾರ್ಟಿನ ಕೆಳಗಿನ ಸಾಲನ್ನು ಓದಿಕೊಂಡರು.

"ಒಬ್ಬರನ್ನ ಬಿಟ್ಟಿದೀವಿ ಅಂತ ಬರ್ದೀಯಲ್ಲಮ್ಮ, ಯಾಕೆ?"

"ಅವರು ಸುಳ್ಳು ಬರೆದಿದ್ದರು ಮೇಡಂ" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ. "ದಿನಕ್ಕೆ ಅರ್ಧ ತಾಸು ಓದಿ ತರಗತಿಗೇ ಮೊದಲು ಬರ್ತೀನಿ ಅಂತ ಬರೆದಿದ್ದರು."

ಸಭೆ ನಕ್ಕಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯಿಂದ ಬಂದಿದ್ದ ಹುಡುಗ ಹುಡುಗಿಯರೆಲ್ಲ ನಕ್ಕರು.

"ಅವರನ್ನ ಕೇಳಿದ್ಯಾ?"

"ಕೇಳಿದೆ ಮೇಡಂ."

ನಾನು ಆ ಕಡೆ ತಿರುಗಲಿಲ್ಲ. ಅವಳು ಹಿಡಿದಿದ್ದ ಬದಿ ಸ್ವಲ್ಪವೂ ಅಲುಗಲಿಲ್ಲ. ಮೇಡಂ ಎದ್ದು ಬಂದು ಚಾರ್ಟಿನ ಮೇಲೆ ಕೈಯಾಡಿಸಿ ನೋಡಿ, ಸಾಕಮ್ಮ ಎನ್ನುವವರೆಗೂ ಅವಳು ಹಾಗೇ ನೆಟ್ಟಗೆ ಹಿಡಿದು ನಿಂತಿದ್ದಳು.

ವಾಪಸು ಬರುವಾಗ ಬಸ್ಸು ಅರ್ಧ ದಾರಿ ದಾಟಿತ್ತು. ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ನನ್ನ ಯಾವಾಗ ಕೇಳಿದಿ ನೀನು?"

ನಾನು ಬಸ್ಸಿನ ಟಿಕೀಟನ್ನು ಮಡಚತೊಡಗಿದೆ.

"ನೀ ಚೀಟ್ಯಾಗ ಏನಂತ ಬರದಿದ್ದಿ? ಎಷ್ಟು ತಾಸು ಓದ್ತೀರಿ ಅಂತ. ನಾನೆಲ್ಲಿ ಓದ್ತೀನಿ? ಓದಾಕಿ ನೀನು. ನಾನು ರೊಟ್ಟಿ ಬಡೀತೀನಿ. ರೊಟ್ಟಿ ಬಡಿಯಾ ಹೊತ್ತನ್ನ ಓದಾ ಹೊತ್ತು ಅಂತ ಬರದಿದ್ರ ಅದು ಸುಳ್ಳಾಗ್ತಿತ್ತು. ಕಾಲೇಜಿನ್ಯಾಗ ಗಂಟಿ ಹೊಡಿಯಾಕ ಮುಂಚೆ ನೋಟ್ಸ್ ತಗದು ನೋಡ್ತೀನಲ್ಲ, ಅದು ಅರ್ಧ ತಾಸು. ನಾನು ಓದಾದು ಅಷ್ಟ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚೀಟಿಯನ್ನು ಸರಿಯಾಗಿ ತುಂಬಿದ್ದೇನೆ ಎಂದು ವಿವರಿಸುವ ಹಾಗಿತ್ತು. ಕನ್ನಡದಲ್ಲಿ ಅಕ್ಷರದ ಮೇಲೆ ಕಣ್ಣಾಡಿಸಿದರೂ ಓದು, ಕಲಿತರೂ ಓದು, ಡಿಗ್ರಿ ಮುಗಿಸಿದರೂ ಓದು. ನಾನು ಕಲಿಯುವ ಹೊತ್ತು ಎಷ್ಟು ಎಂದು ಕೇಳಿದ್ದೆ. ಅವಳಿಗೆ ಕೇಳಿಸಿದ್ದು ಪುಸ್ತಕ ಹಿಡಿದು ಬಾಯಿ ಆಡಿಸುವ ಹೊತ್ತು ಎಷ್ಟು ಎಂದು. ಆ ಹೊಸ್ತಿಲಿನ ನಾಲ್ಕು ತಾಸು ಇಬ್ಬರದೂ ಆಗಿತ್ತು. ಪೂರಾ ನನ್ನ ಚೀಟಿಗೆ ಬರೆದುಕೊಂಡಿದ್ದೆ ನಾನು. ಅವಳು ಅದನ್ನು ನನ್ನದೆಂದೇ ಬಿಟ್ಟುಕೊಟ್ಟಿದ್ದಳು. ಆ ನಾಲ್ಕು ತಾಸು ಸೇರಿಸಿದ್ದರೆ ಅವಳ ಚುಕ್ಕಿ ಸೀದಾ ಬಲಕ್ಕೆ ಸರಿದು, ನನ್ನ ಪಕ್ಕ ಬಂದು, ನನ್ನ ತಲೆಯ ಮೇಲೆ ನಿಲ್ಲುತ್ತಿತ್ತು.

ಆಗಲಾದರೂ ತಪ್ಪಾಯಿತು ಅನ್ನಬೇಕಿತ್ತು. ನನಗೆ ಆ ಗಳಿಗೆಯಲ್ಲೂ ಹೊಳೆದದ್ದು, ಪ್ರಶ್ನೆಯ ತಪ್ಪನ್ನೂ ಇವಳೇ ನನಗಿಂತ ಮೊದಲು ಹಿಡಿದಳಲ್ಲ ಎಂಬುದು. "ಹಂಗಂದ್ರ ನೀನ ಬಂದು ಕೇಳಬೇಕಿತ್ತು" ಅಂದುಬಿಟ್ಟೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಚಾರ್ಟನ್ನು ನನ್ನ ಮಡಿಲಿಗೆ ಇಟ್ಟಳು. ಬುತ್ತಿಯ ಗಂಟನ್ನು ಆ ದಿನ ಇಬ್ಬರೂ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಪುಸ್ತಕ ಹಿಡಿದು ಹೊಸ್ತಿಲಿಗೆ ಹೋದೆ. "ಉಜ್ಜಿನಿ ಮಠಕ್ಕ ಹೋಗಾ ಮಂದಿ ಊಟಕ್ಕ ಭಾಳ ಬಂದಾರ, ಇವತ್ತು ಬ್ಯಾಡ ಬಿಡು" ಅಂದಳು. ಅದರ ಮರುದಿನ ಹೊಗೆ ಹೆಚ್ಚಾಗಿದೆ ಅಂದಳು. ಮೂರನೆಯ ದಿನ ನಾನೇ ಹೋಗಲಿಲ್ಲ. ಕಾಲೇಜಿನಲ್ಲಿ ಬೆಂಚು ಬದಲಿಸಲಿಲ್ಲ, ಮಾತು ಬಿಡಲಿಲ್ಲ, ಹೊಗಳುವುದನ್ನು ಮಾತ್ರ ಬಿಟ್ಟಳು.

ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಅತ್ತೆಯ ಪಡಸಾಲೆಯಲ್ಲಿ ಗಡಿಯಾರ ಎದುರಿಗಿಟ್ಟುಕೊಂಡು ದಿನಕ್ಕೆ ಐದು ತಾಸು, ಒಂದು ನಿಮಿಷ ಕಡಿಮೆಯಿಲ್ಲದಂತೆ ಓದಿದೆ. ತಾಸು ಅಷ್ಟೇ ಇತ್ತು, ಅಂಕ ಬಿದ್ದುಹೋಯಿತು. ಎರಡನೆಯ ಜಾಗವೂ ಹೋಯಿತು. ಅವಳು ಮೊದಲಿನವಳಾಗಿಯೇ ಉಳಿದಳು. ಮೇಷ್ಟ್ರಿಗೆ ನಾನು ನಿಜ ಹೇಳಲೇ ಇಲ್ಲ. ಈಗ ನಾನೂ ಹಗರಿಬೊಮ್ಮನಹಳ್ಳಿಯಲ್ಲಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಗೆರೆಯಿಂದ ದೂರ ನಿಂತ ಚುಕ್ಕಿಯನ್ನು ಮೊದಲು ಹೋಗಿ ಮಾತಾಡಿಸ್ರಿ ಎಂದು ಅವರ ಮಾತನ್ನು ನನ್ನದೇ ಎಂಬಂತೆ ಹೇಳುತ್ತೇನೆ. ಹೇಳುವಾಗ ಬೋರ್ಡಿನ ಕಡೆ ತಿರುಗಿಕೊಳ್ಳುತ್ತೇನೆ.

ಆದರೆ ಅಂಕ ಬಿದ್ದದ್ದು ಅಷ್ಟು ನೋಯಲಿಲ್ಲ. ನೋವಾದದ್ದು ಅದಕ್ಕೂ ಮೊದಲು, ಪರೀಕ್ಷೆಗೆ ಕೆಲವು ವಾರಗಳಿದ್ದಾಗ ಒಂದು ಬೆಳಿಗ್ಗೆ. ಚಾಪೆಯ ಮೇಲೆ ಕೂತು ಓದುತ್ತಿದ್ದೆ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಎಂದಿನಂತೆ ಶುರುವಾಯಿತು. ಅದರ ಜೊತೆಗೆ ಇನ್ನೊಂದು ದನಿ. ಯಾರೋ ಹುಡುಗಿ ಗಟ್ಟಿಯಾಗಿ ಓದುತ್ತಿದ್ದಳು. ಕೂಡ್ಲಿಗಿ ಕಡೆಯಿಂದ ಬಂದು ಆ ವರ್ಷ ಹೊಸದಾಗಿ ಅಲ್ಲೇ ಮೂಲೆಮನೆಯಲ್ಲಿ ಬಾಡಿಗೆಗಿದ್ದ ಕಿರಿಯ ತರಗತಿಯ ಹುಡುಗಿಯ ದನಿ ಅದು. ನಮ್ಮ ಪರೀಕ್ಷೆಯ ಪಾಠವನ್ನೇ ಓದುತ್ತಿದ್ದಳು. ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿಲ್ಲದೆ, ಪೂರ್ಣವಿರಾಮವನ್ನೆಲ್ಲ ನುಂಗುತ್ತ ಓದುತ್ತಿದ್ದಳು. ಎಂಥ ಓದು! ಆ ಹೊಸ್ತಿಲಲ್ಲಿ ಕೂತು ಬಾಗಿಲಿಗೆ ಒರಗಿದರೆ ಬೆನ್ನಿಗೆ ಒತ್ತುವ ಅಗುಳಿ ಎಲ್ಲಿದೆ ಎಂದು ಕೂಡ ಅವಳಿಗೆ ತಿಳಿದಿರಲಾರದು.

ನಾನು ಪುಸ್ತಕ ಮುಚ್ಚಿ ಕಿವಿಯನ್ನು ಗೋಡೆಗೆ ಆನಿಸಿದೆ. ರೊಟ್ಟಿಯ ಸದ್ದು ನಿಂತಿತು. ಹಂಚಿನ ಮೇಲೆ ಹಾಕಿರಬೇಕು, ನೀರು ಸವರುತ್ತಿರಬೇಕು. ಈಗ ಕೇಳುತ್ತಾಳೆ ಅಂದುಕೊಂಡೆ.

"ನಿಲ್ಲು ನಿಲ್ಲು. ಅದು ಯಾಕ ಹಂಗ?"

ನನಗೆ ಉತ್ತರ ಗೊತ್ತಿತ್ತು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ, ಅವಳು ಕೇಳಿದ ತಕ್ಷಣ ನನಗೆ ಉತ್ತರ ಗೊತ್ತಿತ್ತು. ಗೋಡೆಗೆ ಮುಖವಿಟ್ಟು ಹೇಳಿಯೂ ಹೇಳಿದೆ.

"ಯಾರ ಜೋಡಿ ಮಾತಾಡ್ತೀಯಲೇ?" ಎಂದು ಒಳಗಿನಿಂದ ಅತ್ತೆ ಕೂಗಿದಳು.

ಗೋಡೆಯಾಚೆ ಆ ಹುಡುಗಿ "ಗೊತ್ತಿಲ್ಲಕ್ಕಾ" ಅಂದಳು, ಯಾವ ನಾಚಿಕೆಯೂ ಇಲ್ಲದೆ. "ಇರಲಿ ಬಿಡು, ಬಾ ಇಲ್ಲಿ" ಎಂದು ಅವಳು ನಕ್ಕು ಹೇಳಿಕೊಡತೊಡಗಿದಳು, ನನಗೆ ಹೇಳಿಕೊಡುತ್ತಿದ್ದ ಅದೇ ದನಿಯಲ್ಲಿ.